ನಂಬಿ ಇಟ್ಟ ಗಂಟು

ಐಟಿಯಲ್ಲಿರುವವರ ಪಾಡು ನಿಮಗೂ ಗೊತ್ತು. ಆಫೀಸಿನಲ್ಲಿ ನಾವು ನಿಜವಾಗಿ ಏನು ಮಾಡುತ್ತೇವೆ ಎಂಬುದು ನೆಂಟರಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆದರೆ ಪ್ರಿಂಟರ್ ಹಟ ಹಿಡಿದರೆ, ವೈಫೈ ನಿಂತರೆ, ಹೊಸ ಫೋನ್ ಕೊಂಡರೆ ಮೊದಲ ಕರೆ ಬರುವುದು ನಮಗೇ. ನಾನು ಪುಣೆಯ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಎಂ.ಟೆಕ್. ಓದಿದ್ದೂ ಹೌದು. ಇಲ್ಲಿನ ನಮ್ಮ ಕನ್ನಡ ಬಳಗಕ್ಕೆ ಮಾತ್ರ ನಾನು ‘ಫೋನ್ ಸರಿ ಮಾಡಿಕೊಡುವವರು’.

ಒಂದು ಭಾನುವಾರ ಬೆಳಿಗ್ಗೆ ಡಾಕ್ಟರಕ್ಕ ಮನೆಗೆ ಬಂದರು. ಬಳಗದಲ್ಲಿ ನಾವೆಲ್ಲ ಅವರನ್ನು ಕರೆಯುವುದೇ ಹಾಗೆ. ಧಾರವಾಡದವರು. ಪುಣೆಯಲ್ಲಿ ಸ್ವಂತ ಕ್ಲಿನಿಕ್ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಒಂದು ಕೈಯಲ್ಲಿ ಹಳೆಯ ಫೋನು, ಇನ್ನೊಂದರಲ್ಲಿ ಸೀಲು ಒಡೆಯದ ಹೊಸ ಫೋನಿನ ಡಬ್ಬಿ. “ಇದರಾಗಿಂದೆಲ್ಲಾ ಅದರಾಗ ಹಾಕಿಕೊಡ್ರಿ. ಒಂದು ಫೋಟೋನೂ ಹೋಗಬಾರದು ನೋಡ್ರಿ” ಎಂದು ಹೇಳಿ, ನನ್ನ ಹೆಂಡತಿಯ ಜೊತೆ ಅಡುಗೆಮನೆಗೆ ಹೋದರು. ಫೋನಿನ ಲಾಕ್ ನಾಲ್ಕು ಅಂಕಿಯದು. ಮಗಳು ಹುಟ್ಟಿದ ವರ್ಷ.

ಒಂದೂವರೆ ಗಂಟೆಯ ಕೆಲಸ. ಎಲ್ಲ ಬಂದಿದೆಯೇ ಎಂದು ನೋಡಲು ಗ್ಯಾಲರಿ ತೆರೆದೆ. ಮಗಳ ಪದವಿ ಸಮಾರಂಭ, ಸೊಸೈಟಿಯ ಗಣಪತಿ, ಬಾಳೆ ಎಲೆಯ ಮೇಲಿನ ಹೋಳಿಗೆ. ಅವುಗಳ ನಡುನಡುವೆಯೇ ಯಾರದೋ ಬೆನ್ನಿನ ಗಾಯ, ಬೆಳಕಿಗೆ ಹಿಡಿದ ಎಕ್ಸ್‌ರೇ, ಇಸಿಜಿ ಪಟ್ಟಿ, ಲ್ಯಾಬ್ ರಿಪೋರ್ಟುಗಳು. ಒಂದು ರಿಪೋರ್ಟಿನ ತಲೆಯಲ್ಲಿದ್ದ ಹೆಸರು ನನಗೆ ಪರಿಚಯದ್ದಾಗಿತ್ತು. ನಮ್ಮ ಬಳಗದ ಹಿರಿಯರೊಬ್ಬರದು.

ಇಲ್ಲಿಯವರೆಗೆ ನಡೆದದ್ದನ್ನು ‘ಕಣ್ಣಿಗೆ ಬಿತ್ತು’ ಎನ್ನಬಹುದು. ಆಮೇಲೆ ನಡೆದದ್ದನ್ನು ಹಾಗೆನ್ನಲು ಆಗುವುದಿಲ್ಲ. ಎರಡು ಬೆರಳನ್ನು ಪರದೆಯ ಮೇಲಿಟ್ಟು ಅಗಲಿಸಿದೆ. ಅಕ್ಷರ ದೊಡ್ಡದಾಯಿತು. ಓದಿದೆ.

ಏನು ಓದಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇಷ್ಟನ್ನಾದರೂ ಬರೆಯಲು ನನಗೆ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಂದಿನಿಂದ ನನ್ನ ತಲೆಯಲ್ಲಿ ಕೂತಿದ್ದ ಪ್ರಶ್ನೆ ಸರಳವಾದದ್ದು. ನಾನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಫೋಟೋ ನಕಲು ಮಾಡಿಕೊಳ್ಳಲಿಲ್ಲ. ಆ ಹಿರಿಯರಿಗೆ ಗೊತ್ತೇ ಇಲ್ಲ. ಯಾರಿಗೂ ಏನೂ ನಷ್ಟವಾಗಿಲ್ಲದಿರುವಾಗ ತಪ್ಪು ನಡೆಯಿತು ಎನ್ನಬಹುದೇ?

ಎರಡು ತಿಂಗಳ ನಂತರ ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುವ ಸಭೆ ಸೇರಿತು. ಆ ಹಿರಿಯರು ಪ್ರತಿವರ್ಷ ಒಂದಲ್ಲ ಒಂದು ದೊಡ್ಡ ಪಾತ್ರ ಮಾಡುವವರು. ಅವರ ಹೆಸರು ಬಂದಾಗ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು: “ಈ ಸಲ ಅವರಿಗೆ ಯಾಕೆ ತೊಂದರೆ ಕೊಡೋದು? ದಿನಾ ತಾಲೀಮಿಗೆ ಬರಬೇಕಾಗುತ್ತೆ, ಪಾಪ.” ಯಾರೂ ಕಾರಣ ಕೇಳಲಿಲ್ಲ. ವಯಸ್ಸಾಯಿತು ಎಂದು ಅರ್ಥ ಮಾಡಿಕೊಂಡಿರಬೇಕು. ಪಾತ್ರ ಇನ್ನೊಬ್ಬರಿಗೆ ಹೋಯಿತು. ವಿಷಯ ತಿಳಿದಾಗ ಅವರು “ಆಗಲಿ ಬಿಡಿ, ಹುಡುಗರು ಮಾಡಲಿ” ಎಂದರಂತೆ. ನಾಟಕದ ದಿನ ಸೈಡ್‌ವಿಂಗ್‌ನಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ಮಾಡಿದರು. ಮರೆತವರಿಗೆ ನೆನಪಿಸುವಾಗ ಆ ಪಾತ್ರದ ಮಾತುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದದ್ದು ಗೊತ್ತಾಗುತ್ತಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕೆಟ್ಟದ್ದು ಬಯಸಿರಲಿಲ್ಲ. ಕನಿಕರಪಟ್ಟಿದ್ದೆ, ಅಷ್ಟೆ. ಆದರೆ ಆ ಕನಿಕರಕ್ಕೆ ಬೇಕಾದ ತಿಳಿವಳಿಕೆಯನ್ನು ಅವರು ನನಗೆ ಕೊಟ್ಟಿರಲಿಲ್ಲ. ಕಾಯಿಲೆ ಇದ್ದೂ ರಂಗದ ಮೇಲೆ ಹತ್ತುವುದೋ ಬೇಡವೋ ಎಂದು ಅವರು ತೀರ್ಮಾನಿಸಬೇಕಿತ್ತು. ಬಹುಶಃ ಆಗಲೇ ತೀರ್ಮಾನಿಸಿಯೂ ಆಗಿತ್ತು. ಆ ತೀರ್ಮಾನವನ್ನು ಅವರ ಕೈಯಿಂದ ನಾನು ಕಿತ್ತುಕೊಂಡೆ. ಕಿತ್ತುಕೊಂಡದ್ದು ಅವರಿಗೆ ಗೊತ್ತೂ ಆಗಲಿಲ್ಲ. ಯಾರಿಗೂ ನಷ್ಟವಾಗಲಿಲ್ಲ ಎಂದು ಎರಡು ತಿಂಗಳು ನಾನು ಹೇಳಿಕೊಂಡದ್ದು ಸುಳ್ಳಾಗಿತ್ತು. ಗುಟ್ಟು ಹೊರಬಿದ್ದರೆ ಮಾತ್ರ ನಷ್ಟ ಎಂದು ತಿಳಿದಿದ್ದೆ. ಗುಟ್ಟು ತಿಳಿದವನ ಕಣ್ಣು ಬದಲಾದರೂ ಸಾಕು.

*

ಪರಊರಿನಲ್ಲಿರುವ ನಾವು ಕನ್ನಡದ ಡಾಕ್ಟರನ್ನು ಯಾಕೆ ಹುಡುಕಿಕೊಂಡು ಹೋಗುತ್ತೇವೆ? ಪುಣೆಯಲ್ಲಿ ಒಳ್ಳೆಯ ಡಾಕ್ಟರುಗಳಿಗೇನೂ ಕಡಿಮೆಯಿಲ್ಲ. ಮರಾಠಿ ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ‘ಹೊಟ್ಟೆ ತೊಳಸುತ್ತೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಅದು ಬೇರೆಯೇ ಕಾಯಿಲೆಯಾಗಿಬಿಡುತ್ತದೆ. ‘ಜೀವ ಹಿಂಡಿದ ಹಾಗಾಗುತ್ತೆ’ ಎನ್ನುವುದಕ್ಕೆ ಯಾವ ಭಾಷೆಯ ಫಾರಂನಲ್ಲೂ ಜಾಗವಿಲ್ಲ. ಊರಿನಿಂದ ಬಂದ ನನ್ನ ಅಮ್ಮ ಡಾಕ್ಟರಕ್ಕನ ಎದುರು ಕೂತು ಅರ್ಧ ಗಂಟೆ ಮಾತಾಡಿ ಬಂದರೆ, ಮಾತ್ರೆ ತೆಗೆದುಕೊಳ್ಳುವ ಮೊದಲೇ ಅರ್ಧ ವಾಸಿಯಾಗಿರುತ್ತದೆ. ಹಾಸನದ ಅಮ್ಮನ ಮಾತಿಗೂ ಧಾರವಾಡದ ಡಾಕ್ಟರಕ್ಕನ ಮಾತಿಗೂ ಇರುವ ದೂರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನು ನಾವು ಯೋಚಿಸುವುದಿಲ್ಲ. ಊರಿನಲ್ಲಾದರೆ ಡಾಕ್ಟರ ರೋಗಿಗಳು ಸಾವಿರ ಜನ, ಅವರಲ್ಲಿ ನಮಗೆ ಪರಿಚಯದವರು ಕೆಲವರು. ಇಲ್ಲಿ ಕನ್ನಡದ ಡಾಕ್ಟರ ಹತ್ತಿರ ಹೋಗುವ ಕನ್ನಡಿಗರೆಲ್ಲ ಒಂದೇ ಬಳಗದವರು. ಯುಗಾದಿಗೆ ಸೇರುವವರು, ನಾಟಕ ಮಾಡುವವರು, ಮಕ್ಕಳಿಗೆ ಗಂಡು ಹೆಣ್ಣು ಹುಡುಕುವವರು. ಯಾವ ಸಲಿಗೆ ನಮ್ಮ ಬಾಯಿ ಬಿಡಿಸುತ್ತದೋ ಅದೇ ಸಲಿಗೆಯೊಳಗೆ ಆ ಮಾತು ಹೊರಬೀಳಬಾರದ ಕಿವಿಗಳೂ ಇವೆ.

ನನ್ನ ಅಜ್ಜಿ ಒಂದು ವಿಷಯ ಹೇಳುತ್ತಿದ್ದರು. ಹಿಂದೆ ಕಾಶಿಗೆ ಹೊರಟವರು ಒಡವೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನಂಬಿಕೆಯ ಮನೆಯಲ್ಲಿ ಇಟ್ಟು ಹೋಗುತ್ತಿದ್ದರಂತೆ. ಒಳಗೇನಿದೆ ಎಂದು ಇಟ್ಟವರು ಹೇಳುತ್ತಿರಲಿಲ್ಲ, ಇಟ್ಟುಕೊಂಡವರು ಕೇಳುತ್ತಿರಲಿಲ್ಲ. ತಿರುಗಿ ಬಂದಾಗ ಒಡವೆ ಎಣಿಸುವ ಮೊದಲು ನೋಡುತ್ತಿದ್ದದ್ದು ಗಂಟನ್ನು. ತಾವು ಹಾಕಿದ ಗಂಟೇ ಇದೆಯೇ ಎಂದು.

ಇದು ಅಜ್ಜಿಯ ಕಾಲದ ರೂಢಿ ಮಾತ್ರವಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉಪನಿಧಿ’ ಎಂದೇ ಒಂದು ಪ್ರಕರಣವಿದೆ. ಒಳಗಿರುವುದು ಏನೆಂದು ಹೇಳದೆ, ಪಾತ್ರೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು ಇನ್ನೊಬ್ಬರ ಕೈಗೆ ಒಪ್ಪಿಸುವ ವಸ್ತುವಿಗೆ ಅದು ಹೆಸರು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂತಿರುಗಿಸಬೇಕು ಎಂಬುದು ಅದರ ತಿರುಳು. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಇಟ್ಟುಕೊಂಡವನು ವಸ್ತುವಿನ ಯಜಮಾನನಲ್ಲ, ಕಾವಲುಗಾರ ಎಂಬ ವಿಚಾರ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ರೋಗಿ ಡಾಕ್ಟರಿಗೆ ಹೇಳುವ ಮಾತು ಇಂಥ ಗಂಟು. ಆದರೆ ಒಡವೆಗೂ ಮಾತಿಗೂ ಒಂದು ವ್ಯತ್ಯಾಸವಿದೆ. ಒಡವೆಯ ಗಂಟನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದರೆ ಒಡವೆ ಹಾಗೇ ಉಳಿದಿರುತ್ತದೆ. ಗುಟ್ಟಿನ ವಿಷಯದಲ್ಲಿ ನೋಡುವುದೇ ತೆಗೆದುಕೊಳ್ಳುವುದು. ತೆಗೆದುಕೊಂಡ ಮೇಲೆ ಹಿಂತಿರುಗಿಸುವ ದಾರಿ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಗುಟ್ಟು ಆಡದೆಯೂ ಹೋಗುತ್ತದೆ.

*

ವೈದ್ಯರ ನೀತಿ ಬಹಳ ಕಾಲದಿಂದ ನಾಲಿಗೆಯ ಶಿಸ್ತಾಗಿತ್ತು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯಲ್ಲೇ, ಚಿಕಿತ್ಸೆಯ ಹೊತ್ತಿನಲ್ಲಿ ಕಂಡು ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂಬ ಮಾತಿದೆ. ನಮ್ಮ ದೇಶದ ವೈದ್ಯರ 2002ರ ವೃತ್ತಿನೀತಿ ನಿಯಮಗಳೂ ಅದನ್ನೇ ಹೇಳುತ್ತವೆ. ನ್ಯಾಯಾಲಯದ ಆದೇಶ, ಇನ್ನೊಬ್ಬರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಇಂಥ ಕೆಲವು ಸಂದರ್ಭ ಬಿಟ್ಟರೆ ರೋಗಿಯ ಗುಟ್ಟನ್ನು ಬಯಲು ಮಾಡುವಂತಿಲ್ಲ. ಡಾಕ್ಟರಕ್ಕ ಈ ಶಿಸ್ತಿನಲ್ಲಿ ಗಟ್ಟಿ. ಇಪ್ಪತ್ತು ವರ್ಷದಲ್ಲಿ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರ ಎದುರು ಅವರು ಎತ್ತಿದ್ದನ್ನು ನಾನು ಕೇಳಿಲ್ಲ. ಹಾಗಿದ್ದೂ ಅವರ ರೋಗಿಯ ರಿಪೋರ್ಟು ನನ್ನ ಊಟದ ಮೇಜಿಗೆ ಬಂದಿತ್ತು. ಅವರ ನಾಲಿಗೆ ಮೌನವಾಗಿತ್ತು. ಅವರ ಜೇಬು ಮಾತಾಡಿತು.

ಒಂದು ರಿಪೋರ್ಟಿನ ಹೆಜ್ಜೆ ಹಿಡಿದು ನೋಡೋಣ. ರೋಗಿ ಅದನ್ನು ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡುತ್ತಾನೆ. 2016ರಿಂದ ವಾಟ್ಸಾಪ್ ಸಂದೇಶಗಳು ಹೊರಟಲ್ಲಿಂದ ತಲುಪುವವರೆಗೆ ಗೂಢಲಿಪಿಯಲ್ಲಿ ಹೋಗುತ್ತವೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ತಲುಪಿದ ಮೇಲೆ? ಸೆಟ್ಟಿಂಗ್ ಬದಲಿಸದಿದ್ದರೆ ಫೋಟೋ ತಾನಾಗಿ ಗ್ಯಾಲರಿಯಲ್ಲಿ ಕೂರುತ್ತದೆ. ಬ್ಯಾಕಪ್ ಚಾಲೂ ಇದ್ದರೆ ಗ್ಯಾಲರಿಯಿಂದ ಕ್ಲೌಡಿಗೆ ಏರುತ್ತದೆ. ಅದೇ ಖಾತೆ ಮನೆಯ ಟ್ಯಾಬ್‌ನಲ್ಲೂ ಇದ್ದರೆ, ಕಾರ್ಟೂನ್ ನೋಡುವ ಮೊಮ್ಮಗುವಿನ ಕೈಗೂ ಸಿಗುತ್ತದೆ. ಡಾಕ್ಟರು ತಜ್ಞರ ಸಲಹೆಗೆ ಅದನ್ನು ಕಳಿಸಿದರೆ ಎರಡನೇ ಫೋನಿನಲ್ಲಿ ಇದೇ ಕಥೆ. ಎಂಬಿಬಿಎಸ್ ಗೆಳೆಯರ ಗುಂಪಿಗೆ ‘ಇದೇನಿರಬಹುದು?’ ಎಂದು ಹಾಕುವಾಗ ಮೇಲಿನ ಹೆಸರು ಕತ್ತರಿಸಲು ಮರೆತರೆ ಗುಂಪಿನಲ್ಲಿ ಎಷ್ಟು ಜನವೋ ಅಷ್ಟು ಗ್ಯಾಲರಿ. ದಾರಿಯುದ್ದಕ್ಕೂ ಬೀಗ ಭದ್ರ. ಮನೆ ತಲುಪಿದ ಮೇಲೆ ಕೀಲಿ ಬಾಗಿಲಲ್ಲೇ.

ಇನ್ನು ಸಣ್ಣಪುಟ್ಟವು. ಮೇಜಿನ ಮೇಲಿಟ್ಟ ಫೋನಿಗೆ ಸಂದೇಶ ಬಂದಾಗ ಲಾಕ್ ತೆರೆಯದೆಯೇ ಮೊದಲ ಸಾಲು ಬೆಳಗುತ್ತದೆ. ಎದುರು ಕೂತ ರೋಗಿ ಅದನ್ನು ಓದಬಹುದು. ರಿಸೆಪ್ಷನ್ನಿನ ಕಂಪ್ಯೂಟರಿನಲ್ಲಿ ತೆರೆದ ವಾಟ್ಸಾಪ್ ಮುಚ್ಚದೆ ಉಳಿದಿರುತ್ತದೆ. ರೋಗಿಗಳ ನಂಬರನ್ನು ಬೇಗ ಗುರುತು ಸಿಗಲೆಂದು ‘ಶುಗರ್’, ‘ಟಿ.ಬಿ.’ ಎಂದು ಹೆಸರಿನ ಹಿಂದೆ ಸೇರಿಸಿ ಇಟ್ಟುಕೊಳ್ಳುವವರಿದ್ದಾರೆ. ಕಾಂಟ್ಯಾಕ್ಟ್ಸ್ ಓದಲು ಅನುಮತಿ ಕೇಳುವ ಆ್ಯಪ್ ಒಂದಕ್ಕೆ ‘ಅಲೋ’ ಒತ್ತಿದರೆ ಆ ಹೆಸರುಗಳೂ ಹೋಗುತ್ತವೆ. ರಿಪೇರಿ ಅಂಗಡಿಯವನು ಪಿನ್ ಕೇಳುತ್ತಾನೆ, ನಾವು ಹೇಳುತ್ತೇವೆ. ಡಾಕ್ಟರಕ್ಕ ನನಗೆ ಹೇಳಿದ ಹಾಗೆ.

2016ರಲ್ಲಿ ಅಮೆರಿಕದ ಒಬ್ಬ ಮನೋವೈದ್ಯೆಯ ಸಂಗತಿ ಪತ್ರಿಕೆಯಲ್ಲಿ ಬಂದಿತ್ತು. ಅವರ ರೋಗಿಗಳಿಗೆ ಫೇಸ್‌ಬುಕ್, ‘ನಿಮಗೆ ಪರಿಚಯವಿರಬಹುದಾದವರು’ ಎಂದು ಅವರದೇ ಇತರ ರೋಗಿಗಳನ್ನು ತೋರಿಸತೊಡಗಿತ್ತು. ಆ ವೈದ್ಯೆ ಫೇಸ್‌ಬುಕ್ಕಿನಲ್ಲಿ ಯಾವ ರೋಗಿಯ ಸ್ನೇಹವನ್ನೂ ಮಾಡಿರಲಿಲ್ಲ. ತನ್ನ ಫೋನ್ ನಂಬರ್ ಅಲ್ಲಿ ಕೊಟ್ಟಿದ್ದರು, ರೋಗಿಗಳ ಫೋನುಗಳಲ್ಲಿ ಆ ನಂಬರ್ ಇತ್ತು. ಅದರಿಂದಲೇ ಹೀಗಾಗಿರಬಹುದು ಎಂಬುದು ಅವರ ಊಹೆ. ಒಬ್ಬರ ಮುಖ ಇನ್ನೊಬ್ಬರಿಗೆ, ಮನೋವೈದ್ಯರ ಬಾಗಿಲಲ್ಲಿ ನಿಂತ ಹಾಗೆ, ಕಂಡಿತು.

ನಮ್ಮ ನೀತಿಕಥೆಗಳಿಗೆ ಒಬ್ಬ ಕೆಟ್ಟವನು ಬೇಕು. ಇಲ್ಲಿ ಅಂಥವರು ಯಾರೂ ಇಲ್ಲ. ಹಾಗಾಗಿಯೇ ಇದು ತಪ್ಪಿನಂತೆ ಕಾಣುವುದಿಲ್ಲ. ನನಗೆ ತೋರುವಂತೆ ನಮ್ಮ ಕಾಲದ ನೀತಿಗೆ ಎದುರಾಗಿರುವ ಕಷ್ಟ ಇದೇ. ಬಾಯಿಬಿಡದಿರುವುದು ಹಿಂದೆ ಸಾಕಾಗಿತ್ತು, ಏಕೆಂದರೆ ಸುಮ್ಮನಿದ್ದರೆ ಗುಟ್ಟೂ ಸುಮ್ಮನಿರುತ್ತಿತ್ತು. ಈಗ ನಾವು ಸುಮ್ಮನಿದ್ದರೆ ಅದು ತಾನೇ ನಡೆಯತೊಡಗುತ್ತದೆ. ಕಾಯಲು ಎದ್ದು ಕೂತು ಕೆಲಸ ಮಾಡಬೇಕು. ಒಳ್ಳೆಯವರಾಗಿದ್ದರೆ ಸಾಲದು.

*

ಇದನ್ನೆಲ್ಲ ಡಾಕ್ಟರಕ್ಕನ ಎದುರು ಇಟ್ಟಾಗ ಅವರು ಕೊಟ್ಟ ಉತ್ತರವನ್ನೂ ಹೇಳಬೇಕು.

“ನೀವು ಎ.ಸಿ. ರೂಮಿನಾಗ ಕೂತು ಹೇಳ್ತೀರಿ. ನಂಗ ದಿನಾ ಐವತ್ತು ಅರವತ್ತು ಮಂದಿ. ನಡುರಾತ್ರಿ ಒಬ್ಬಾಂವ ಎದಿ ಹಿಡಕೊಂಡು ಬರ್ತಾನ. ಇಸಿಜಿ ತಗದು ಹೃದಯದ ಡಾಕ್ಟರಿಗೆ ಫೋಟೋ ಕಳಸ್ತೀನಿ. ಎರಡು ನಿಮಿಷದಾಗ ಉತ್ತರ ಬರ್ತದ. ಆವಾಗ ಹೆಸರು ಕತ್ತರಿಸ್ಕೋತ ಕೂಡ್ಲೇನು?”

ನಿಜ. ಕತ್ತರಿಸುತ್ತ ಕೂರಬಾರದು. ಆ ಎರಡು ನಿಮಿಷ ಒಂದು ಜೀವ. 2020ರ ಮಾರ್ಚ್ 25ರಂದು, ಕೊರೊನಾ ಲಾಕ್‌ಡೌನಿನ ಮೊದಲ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ವಾಟ್ಸಾಪಿನಂಥ ಸಾಧನಗಳ ಮೂಲಕ ಸಲಹೆ ಕೊಡಲು ಅದು ವೈದ್ಯರಿಗೆ ಸ್ಪಷ್ಟ ಅನುಮತಿ ಕೊಟ್ಟಿತು. ಊರಿಗೆ ಹೋಗಲಾಗದೆ ಸಿಕ್ಕಿಬಿದ್ದ ನಮ್ಮಂಥವರ ಅಪ್ಪ ಅಮ್ಮಂದಿರನ್ನು ಆ ದಿನಗಳಲ್ಲಿ ಉಳಿಸಿದ್ದರಲ್ಲಿ ಫೋನಿಗೂ ಪಾಲಿದೆ. ಫೋನು ಬೇಡ ಎನ್ನುವುದು ನನ್ನ ವಾದವಲ್ಲ.

ಗುಟ್ಟನ್ನು ಯಾವತ್ತೂ ಮುರಿಯಬಾರದು ಎಂಬುದೂ ನನ್ನ ವಾದವಲ್ಲ. 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣ ಒಂದಿದೆ. ಕಾನೂನು ಪುಸ್ತಕಗಳಲ್ಲಿ ಆ ವ್ಯಕ್ತಿಗೆ ಹೆಸರಿಲ್ಲ, ಬರೀ ‘ಎಕ್ಸ್’. ಆಸ್ಪತ್ರೆಯೂ ಬರೀ ‘ಝಡ್’. ರಕ್ತ ಕೊಡಲು ಹೋದಾಗ ಅವರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಆಸ್ಪತ್ರೆಯಿಂದ ಸುದ್ದಿ ಹೊರಬಿತ್ತು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವರು ನ್ಯಾಯ ಕೇಳಿದರು. ಖಾಸಗಿತನದ ಹಕ್ಕು ಮಿತಿಯಿಲ್ಲದ್ದಲ್ಲ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕು ಅದಕ್ಕಿಂತ ದೊಡ್ಡದು ಎಂದಿತು ಕೋರ್ಟು. ಓದಿದಾಗಲೆಲ್ಲ ಆ ಇಬ್ಬರ ಬಗ್ಗೆಯೂ ಸಂಕಟವಾಗುತ್ತದೆ. ಮುಂದೆ 2017ರಲ್ಲಿ ಬಂದ ಎಚ್‌ಐವಿ ಕಾಯ್ದೆ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ಸಂಗಾತಿಗೆ ಅಪಾಯವಿದೆ, ರೋಗಿ ತಾನಾಗಿ ಹೇಳುವುದಿಲ್ಲ ಎಂದು ಮನವರಿಕೆಯಾದರೆ ವೈದ್ಯರು ಹೇಳಬಹುದು. ಆದರೆ ‘ನಾನು ಹೇಳಲಿದ್ದೇನೆ’ ಎಂದು ಮೊದಲು ರೋಗಿಗೆ ತಿಳಿಸಬೇಕು.

ನನಗೆ ಮುಖ್ಯವಾಗಿ ಕಂಡದ್ದು ಆ ಕೊನೆಯ ಷರತ್ತು. ಅಲ್ಲಿ ಗುಟ್ಟು ಮುರಿಯುತ್ತದೆ, ಆದರೆ ಮುರಿಯುವವರಿಗೆ ಮುಖವಿದೆ, ಕಾರಣವಿದೆ, ಎದುರು ನಿಂತು ಉತ್ತರ ಹೇಳುವ ಜವಾಬ್ದಾರಿ ಇದೆ. ಫೋನಿನಿಂದ ಸೋರಿದ ಗುಟ್ಟಿಗೆ ಇವು ಯಾವುವೂ ಇಲ್ಲ. ನಡುರಾತ್ರಿ ಕಳಿಸಿದ ಇಸಿಜಿಗೆ ಕಾರಣವಿದೆ. ರೋಗಿ ವಾಸಿಯಾಗಿ ಮನೆಗೆ ಹೋಗಿ ಮೂರು ವರ್ಷವಾದ ಮೇಲೂ ಅದು ಹೋಳಿಗೆಯ ಫೋಟೋದ ಪಕ್ಕದಲ್ಲಿ ಇರುವುದಕ್ಕೆ ಏನು ಕಾರಣ? ಡಾಕ್ಟರಕ್ಕನಿಗೆ ಕೇಳಿದ್ದು ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೌದ್ರೀ” ಎಂದರು.

‘ಮುಚ್ಚಿಡುವಂಥದ್ದು ಏನಿದೆ, ಎಲ್ಲರಿಗೂ ಬರುವ ಕಾಯಿಲೆಯೇ ತಾನೆ’ ಎನ್ನುವವರೂ ಇದ್ದಾರೆ. ಅವರಿಗೆ ಫಿನ್ಲೆಂಡಿನ ಒಂದು ಸಂಗತಿ ಹೇಳಬೇಕು. ವಸ್ತಾಮೋ ಎಂಬ ಮನಶ್ಚಿಕಿತ್ಸಾ ಸಂಸ್ಥೆಯ ದಾಖಲೆಗಳು ಕಳುವಾಗಿದ್ದವು. 2020ರಲ್ಲಿ ಕಳ್ಳ ಮೊದಲು ಸಂಸ್ಥೆಯನ್ನು ಹಣ ಕೇಳಿದ, ಆಮೇಲೆ ನೇರವಾಗಿ ರೋಗಿಗಳಿಗೇ ಇಮೇಲ್ ಮಾಡಿದ. ಇನ್ನೂರು ಯೂರೋ ಕೊಡಿ, ಇಲ್ಲದಿದ್ದರೆ ನೀವು ಚಿಕಿತ್ಸಕರ ಎದುರು ಹೇಳಿಕೊಂಡದ್ದನ್ನೆಲ್ಲ ಪ್ರಕಟಿಸುತ್ತೇನೆ ಎಂದು. ರೋಗಿಗಳು ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಅವರು ಬಚ್ಚಿಟ್ಟದ್ದು ಅಪರಾಧವನ್ನಲ್ಲ, ನೋವನ್ನು. ನಮ್ಮಲ್ಲಿ ಇಂಥದ್ದಕ್ಕೆ ಹ್ಯಾಕರ್ ಕೂಡ ಬೇಕಾಗಿಲ್ಲ. ಸಂಬಂಧ ಕುದುರುವ ಹೊತ್ತಿಗೆ ‘ಹುಡುಗಿ ಯಾವುದೋ ಮಾತ್ರೆ ತಗೋತಾಳಂತೆ’ ಎಂಬ ಒಂದು ಮಾತು ಸಾಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಿತು. ಕಾನೂನಿಗೆ ವಿಷಯ ಅರ್ಥವಾಗಿದೆ. ನಮ್ಮ ಬೆರಳುಗಳಿಗೆ ಇನ್ನೂ ಆಗಬೇಕು.

*

ಡಾಕ್ಟರಕ್ಕ ಮತ್ತು ನಾನು ಸೇರಿ ಒಂದು ಶನಿವಾರ ಪೂರ್ತಿ ಕೂತು ಕೆಲವು ಬದಲಾವಣೆ ಮಾಡಿದೆವು. ಕ್ಲಿನಿಕ್ಕಿಗೆ ಬೇರೆ ಫೋನು, ಬೇರೆ ನಂಬರು. ಅದು ಮನೆಯವರ ಕೈಗೆ ಹೋಗುವುದಿಲ್ಲ. ಆರು ಅಂಕಿಯ ಪಿನ್, ಅದರಲ್ಲಿ ಯಾರ ಹುಟ್ಟಿದ ವರ್ಷವೂ ಇಲ್ಲ. ವಾಟ್ಸಾಪಿನ ಫೋಟೋ ಗ್ಯಾಲರಿಗೆ ಇಳಿಯುವುದನ್ನೂ ಗ್ಯಾಲರಿ ಕ್ಲೌಡಿಗೆ ಏರುವುದನ್ನೂ ನಿಲ್ಲಿಸಿದೆವು. ಲಾಕ್ ಇದ್ದಾಗ ಸಂದೇಶ ಬಂತೆಂದು ಮಾತ್ರ ತೋರಿಸಬೇಕು, ಏನೆಂದು ತೋರಿಸಬಾರದು. ಕಾಂಟ್ಯಾಕ್ಟಿನಲ್ಲಿ ಕಾಯಿಲೆಯ ಹೆಸರು ಬೇಡ, ಫೈಲಿನ ನಂಬರು ಸಾಕು. ಬಂದ ರಿಪೋರ್ಟನ್ನು ರೋಗಿಯ ಫೈಲಿಗೆ ಸೇರಿಸಿ ಫೋನಿನಿಂದ ಅಳಿಸಬೇಕು. ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆಂದು 2002ರ ನಿಯಮವೇ ಹೇಳುತ್ತದೆ, ಆದರೆ ಅದು ಇರಬೇಕಾದ ಜಾಗ ಫೈಲು, ಜೇಬಲ್ಲ. ಗುಂಪಿಗೆ ಏನೇ ಕಳಿಸುವ ಮೊದಲು ಹೆಸರೂ ಮುಖವೂ ಇಲ್ಲವೆಂದು ನೋಡಬೇಕು. ಫೋನು ಕಳೆದರೆ ದೂರದಿಂದಲೇ ಅಳಿಸುವ ವ್ಯವಸ್ಥೆ ಚಾಲೂ ಇರಬೇಕು. ರಿಪೇರಿಗೆ ಕೊಡುವ ಮುನ್ನ ಖಾಲಿ ಮಾಡಬೇಕು. ಪರಿಚಯದ ಐಟಿಯವನಾದರೂ ಸರಿ.

ಇವೆಲ್ಲ ಸುಲಭದ ಭಾಗ. ಕಷ್ಟದ್ದು ಉಳಿದಿತ್ತು. ಅವರಿಗೆ ಹೇಳಬೇಕೇ?

ನನ್ನ ಕೆಲಸದಲ್ಲಿ ಇಂಥದ್ದಕ್ಕೆ ಗೊಂದಲವಿಲ್ಲ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಅವಘಡವನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಯಾರ ಮಾಹಿತಿ ಸೋರಿತೋ ಅವರಿಗೂ ತಿಳಿಸಬೇಕು ಎನ್ನುತ್ತದೆ. ಆಫೀಸಿನಲ್ಲಿ ಹೀಗೆ ಪಾಠ ಹೇಳುವ ನಾನು ನನ್ನದೇ ವಿಷಯದಲ್ಲಿ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಡಾಕ್ಟರಕ್ಕನ ವಾದ ಬೇರೆ. “ಹೇಳಿದ್ರ ನಿಮ್ಮ ಮನಸ್ಸು ಹಗುರ ಆಗ್ತದ. ಅವರ ಮನಸ್ಸಿನ ಭಾರ ಯಾರು ಹೊರತಾರ? ಯಾರಿಗೇನಾತು ಈಗ? ನೀವೇನು ಹೊರಗಿನವ್ರಾ?” ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ತಪ್ಪೊಪ್ಪಿಗೆ ಎಷ್ಟೋ ಸಲ ತಪ್ಪು ಮಾಡಿದವನ ಸುಖಕ್ಕೇ ಇರುತ್ತದೆ. ಆಗ ನಾನು ನಾಟಕದ ಪಾತ್ರದ ವಿಷಯ ಹೇಳಿದೆ. ಎರಡು ಬೆರಳಿನ ವಿಷಯವನ್ನೂ ಹೇಳಿದೆ. ಅಲ್ಲಿಯವರೆಗೆ ಅವರ ಬಳಿಯೂ ‘ಕಣ್ಣಿಗೆ ಬಿತ್ತು’ ಎಂದೇ ಹೇಳಿಕೊಂಡು ಬಂದಿದ್ದೆ. ಅವರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ, ಆ ಇನ್ನೊಬ್ಬ ಮಾಡುವ ಪ್ರತಿಯೊಂದು ಕೆಲಸಕ್ಕೂ ಅವರು ತಪ್ಪು ಕಾರಣ ಹುಡುಕುತ್ತಿರುತ್ತಾರೆ. ತಮಗೆ ವಯಸ್ಸಾಯಿತು, ತಾವು ಯಾರಿಗೂ ಬೇಡವಾದೆವು ಎಂದು. ಅವರ ಬದುಕನ್ನು ಅವರ ಹಿಂದೆ ನಿಂತು ನಾವು ನಡೆಸಿದ ಹಾಗಾಗುತ್ತದೆ. ಹೊರಗಿನವನಾಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಒಳಗಿನವನಾದ್ದರಿಂದಲೇ ಹೇಳಬೇಕಾಗಿತ್ತು.

ಇಬ್ಬರೂ ಹೋದೆವು. ಡಾಕ್ಟರಕ್ಕ ತಮ್ಮದನ್ನು ಹೇಳಿದರು, ನಾನು ನನ್ನದನ್ನು. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. “ಪೂರ್ತಿ ಓದಿದ್ರಾ?”

“ಹೌದು ಸರ್.”

“ಹಾಗಾದ್ರೆ ನಾಟಕದ್ದು ನೀವೇ.”

ಹೌದೆಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ತರಿಸಿಕೊಟ್ಟರು. ಕುಡಿದು ಬಂದೆವು.

ಅದಾದ ಮೇಲೆ ಅವರು ಡಾಕ್ಟರಕ್ಕನ ಕ್ಲಿನಿಕ್ಕಿಗೆ ಹೋಗಿಲ್ಲ. ಈಗ ಬೇರೆ ಕಡೆ ತೋರಿಸುತ್ತಾರೆ. ಅಲ್ಲಿ ತಮ್ಮ ನೋವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿಕೊಳ್ಳುತ್ತಾರೆ. ಇದಕ್ಕೆ ನನ್ನ ಬಳಿ ಸಮಾಧಾನವಿಲ್ಲ. ಹೇಳಿದ್ದು ಸರಿ ಎಂದು ಈಗಲೂ ನಂಬಿದ್ದೇನೆ. ಸರಿಯಾದದ್ದನ್ನು ಮಾಡಿದರೆ ಕಳೆದದ್ದು ತಿರುಗಿ ಬರುತ್ತದೆ ಎಂದು ಮಾತ್ರ ಈಗ ನಂಬುವುದಿಲ್ಲ. ಡಾಕ್ಟರಕ್ಕ ಒಬ್ಬ ರೋಗಿಯನ್ನು ಕಳೆದುಕೊಂಡರು, ಅವರು ತಮ್ಮ ಭಾಷೆಯಲ್ಲಿ ನರಳುವ ಒಂದು ಜಾಗವನ್ನು ಕಳೆದುಕೊಂಡರು. ಎಲ್ಲಕ್ಕೂ ಮೂಲ ಆಫ್ ಮಾಡದೆ ಬಿಟ್ಟ ಒಂದು ಸೆಟ್ಟಿಂಗು ಮತ್ತು ನನ್ನ ಎರಡು ಬೆರಳು.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮೊದಲು ಅವರಿಗೆ ಕೊಟ್ಟೆ. ಇಮೇಲ್ ಮಾಡಲಿಲ್ಲ. ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಗೇ ಕೊಟ್ಟು, ನೀವು ಬೇಡವೆಂದರೆ ಹರಿದು ಹಾಕುತ್ತೇನೆ ಎಂದೆ. ನಾಲ್ಕು ದಿನ ಇಟ್ಟುಕೊಂಡರು. ಎರಡು ವಾಕ್ಯಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ವಾಪಸ್ ಕೊಟ್ಟರು. “ಇವೆರಡು ಬೇಡ. ಉಳಿದದ್ದು ಇರಲಿ, ನಾಲ್ಕು ಜನ ಡಾಕ್ಟ್ರು ಓದಲಿ” ಎಂದರು.

ಆ ಎರಡು ವಾಕ್ಯಗಳಲ್ಲಿ ಏನು ತೊಂದರೆ ಇತ್ತೆಂದು ನನಗೆ ಕಾಣಲಿಲ್ಲ. ಕೇಳಲೂ ಇಲ್ಲ. ಗಂಟು ಅವರದು. ಎರಡನ್ನೂ ತೆಗೆದಿದ್ದೇನೆ.